ಬೆರೆತ ಹಾಡನ್ನು ಬಿಡಿಸಿ ಕೋಣೆಯ ಸುತ್ತ ಹಂಚುವುದು

ಸ್ಟೀರಿಯೊ ಹಾಡಿನಲ್ಲಿ ಇರುವುದು ಎಡ ಮತ್ತು ಬಲ ಎಂಬ ಎರಡೇ ಚಾನೆಲ್. ಗಾಯಕರ ದನಿ, ಪಿಟೀಲು, ಗಿಟಾರ್, ಡ್ರಮ್ಸ್ ಸ್ಟುಡಿಯೊದಲ್ಲಿ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗಿದ್ದರೂ ಕೇಳುಗರ ಕೈಗೆ ಬರುವ ಹೊತ್ತಿಗೆ ಈ ಎರಡರೊಳಗೆ ಬೆರೆತುಹೋಗಿರುತ್ತವೆ. ಸರೌಂಡ್ ಸೌಂಡ್‌ಗೆ ಬೇಕಾದದ್ದು ಬೇರೆಯೇ. ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೊಂದು ಸಬ್‌ವೂಫರ್ ಇರುವ 5.1 ವ್ಯವಸ್ಥೆಯಲ್ಲಿ ಯಾವ ವಾದ್ಯ ಎಲ್ಲಿಂದ ಕೇಳಿಸಬೇಕೆಂದು ತೀರ್ಮಾನಿಸಲು ಪ್ರತಿಯೊಂದೂ ಬಿಡಿಯಾಗಿ ಕೈಗೆ ಸಿಗಬೇಕು. ಮೂಲ ಟ್ರ್ಯಾಕ್‌ಗಳು ಧ್ವನಿಮುದ್ರಣ ಕಂಪನಿಗಳ ಬಳಿ ಮಾತ್ರ ಇರುವುದರಿಂದ ಈ ಕೆಲಸ ಬಹುಕಾಲ ಸ್ಟುಡಿಯೊಗಳಿಗೇ ಸೀಮಿತವಾಗಿತ್ತು. ಬೆರೆತ ಹಾಡಿನಿಂದ ದನಿಗಳನ್ನು ಬೇರ್ಪಡಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯತೊಡಗಿದ ಮೇಲೆ ಮನೆಯ ಕಂಪ್ಯೂಟರಿನಲ್ಲೂ ಇದನ್ನು ಮಾಡಬಹುದಾಗಿದೆ.

ಹಿಂದಿನ ದಾರಿಗಳು

ಸಂಗೀತವನ್ನು ಸುತ್ತಲಿಂದ ಕೇಳಿಸುವ ಆಸೆ ಹಳೆಯದು. 1970ರ ದಶಕದಲ್ಲಿ ನಾಲ್ಕು ಸ್ಪೀಕರುಗಳ ಕ್ವಾಡ್ರಫೋನಿಕ್ ರೆಕಾರ್ಡುಗಳು ಮಾರಾಟಕ್ಕೆ ಬಂದವು. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮಿಗೆ ಆಲನ್ ಪಾರ್ಸನ್ಸ್ ಅಂಥದೊಂದು ಮಿಕ್ಸ್ ಮಾಡಿದ್ದರು. ಜೆವಿಸಿಯ ಸಿಡಿ-4, ಸಿಬಿಎಸ್‌ನ ಎಸ್‌ಕ್ಯೂ, ಸಾನ್ಸುಯಿಯ ಕ್ಯೂಎಸ್ ಪದ್ಧತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರ ರೆಕಾರ್ಡು ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ಕೇಳಿಸದ ಕಾರಣ ಕ್ವಾಡ್ ನೆಲೆಯೂರಲಿಲ್ಲ.

ಸಾಮಾನ್ಯ ಸ್ಟೀರಿಯೊದಿಂದಲೇ ಹೆಚ್ಚು ಚಾನೆಲ್ ಹೊರಡಿಸುವ ದಾರಿಯೂ ಇತ್ತು. ಎಡಬಲಗಳಲ್ಲಿ ಸಮನಾಗಿರುವ ದನಿ ಕೇಳುಗರಿಗೆ ನಡುವಿನಿಂದ ಬಂದಂತೆ ತೋರುತ್ತದೆ. ಒಂದು ಚಾನೆಲ್‌ನಿಂದ ಇನ್ನೊಂದನ್ನು ಕಳೆದರೆ ಆ ದನಿ ಅಳಿಸಿಹೋಗಿ ಅಂಚಿನ ವಾದ್ಯಗಳು ಉಳಿಯುತ್ತವೆ. ಹಳೆಯ ಕರೋಕೆ ಯಂತ್ರಗಳು ಗಾಯಕರ ದನಿಯನ್ನು ತೆಗೆಯುತ್ತಿದ್ದುದು ಹೀಗೆಯೇ. 2000ದಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ 2 ಎಡಬಲಗಳ ನಡುವಿನ ಇಂಥ ಸಂಬಂಧವನ್ನೇ ಅಳೆದು ಐದು ಚಾನೆಲ್ ಕೊಡುತ್ತಿತ್ತು. ಈ ವಿಧಾನಗಳಿಗೆ ದನಿಯ ಸ್ಥಾನ ತಿಳಿಯುತ್ತದೆ, ದನಿ ಯಾವುದೆಂದು ತಿಳಿಯುವುದಿಲ್ಲ. ನಡುವೆ ನಿಂತ ಗಾಯಕ, ಬೇಸ್ ಗಿಟಾರ್, ಕಿಕ್ ಡ್ರಮ್ ಮೂರೂ ಅವುಗಳ ಪಾಲಿಗೆ ಒಂದೇ. ಒಂದೇ ಚಾನೆಲ್‌ನ ಮೋನೊ ಹಾಡಿನಲ್ಲಿ ಸ್ಥಾನವೆಂಬುದೇ ಇಲ್ಲವಾದ್ದರಿಂದ ಅಲ್ಲಿ ಅವುಗಳಿಗೆ ಕೆಲಸವೇ ಇಲ್ಲ.

ದನಿಯ ಗುರುತು ಹಿಡಿಯುವ ಬಗೆ

ಹೊಸ ತಂತ್ರಾಂಶಗಳು ನೋಡುವುದು ದನಿಯ ರೂಪವನ್ನು. ಪ್ರತಿ ಕ್ಷಣದಲ್ಲಿ ಯಾವ ಕಂಪನಾಂಕದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ನಕ್ಷೆಗೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಎಳೆದು ಹಾಡಿದ ಸ್ವರ ಅದರಲ್ಲಿ ಒಂದರ ಮೇಲೊಂದಾದ ಅಡ್ಡಗೆರೆಗಳಾಗಿ, ಡ್ರಮ್ಮಿನ ಪೆಟ್ಟು ನೆಟ್ಟಗಿನ ಗೆರೆಯಾಗಿ, ಗಮಕ ಬಳುಕುವ ಗೆರೆಯಾಗಿ ಕಾಣುತ್ತದೆ. ನಕ್ಷೆಯ ಪ್ರತಿ ಬಿಂದುವಿನಲ್ಲೂ ಎಷ್ಟು ಪಾಲು ಕಂಠದ್ದು, ಎಷ್ಟು ಡ್ರಮ್ಸಿನದು ಎಂದು ಅಂದಾಜು ಮಾಡಿ ಆಯಾ ಪಾಲನ್ನು ಬೇರೆ ಫೈಲಿಗೆ ಹಾಕುವುದು ಒಂದು ವಿಧಾನ. ಧ್ವನಿತರಂಗವನ್ನೇ ನೇರವಾಗಿ ಓದುವುದು ಇನ್ನೊಂದು. ಹೀಗೆ ಬಿಡಿಸಿ ತೆಗೆದ ಫೈಲಿಗೆ ಸ್ಟೆಮ್ ಎನ್ನುತ್ತಾರೆ.

ಈ ಅಂದಾಜನ್ನು ಯಂತ್ರ ಕಲಿಯುವುದು ಉದಾಹರಣೆಗಳಿಂದ. ಬಿಡಿ ಟ್ರ್ಯಾಕ್‌ಗಳು ಲಭ್ಯವಿರುವ ಹಾಡುಗಳನ್ನು ಬೆರೆಸಿ ಅದಕ್ಕೆ ಕೊಡುತ್ತಾರೆ. ಅದು ಬಿಡಿಸಿದ್ದನ್ನು ಮೂಲ ಟ್ರ್ಯಾಕ್ ಜೊತೆ ಹೋಲಿಸಿ, ತಪ್ಪು ಕಡಿಮೆಯಾಗುವಂತೆ ಒಳಗಿನ ಲೆಕ್ಕವನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಇದಕ್ಕಾಗಿ ಸಂಶೋಧಕರು ಬಹಳವಾಗಿ ಬಳಸಿದ ಎಂಯುಎಸ್‌ಡಿಬಿ18 ಸಂಗ್ರಹದಲ್ಲಿ 150 ಹಾಡುಗಳಿವೆ. 100 ಕಲಿಕೆಗೆ, 50 ಪರೀಕ್ಷೆಗೆ. ಪ್ರತಿ ಹಾಡೂ ಕಂಠ, ಡ್ರಮ್ಸ್, ಬೇಸ್, ಇತರೆ ಎಂದು ನಾಲ್ಕು ಭಾಗವಾಗಿದೆ. ಇಂದಿನ ಬಹುಪಾಲು ತಂತ್ರಾಂಶಗಳು ಈ ನಾಲ್ಕನ್ನೇ ಕೊಡುತ್ತವೆ. ಫ್ರಾನ್ಸಿನ ಡೀಜರ್ ಸಂಸ್ಥೆ 2019ರಲ್ಲಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಫೇಸ್‌ಬುಕ್‌ನ ಸಂಶೋಧನಾ ವಿಭಾಗದಿಂದ ಬಂದ ಡೀಮಕ್ಸ್‌ನ ಇತ್ತೀಚಿನ ರೂಪಗಳು ಸ್ಪೆಕ್ಟ್ರೋಗ್ರಾಮ್ ಮತ್ತು ಧ್ವನಿತರಂಗ ಎರಡನ್ನೂ ಒಟ್ಟಿಗೆ ಬಳಸುತ್ತವೆ. ಕಂಪ್ಯೂಟರ್ ಆದೇಶಗಳನ್ನು ಬರೆಯಲು ಬಾರದವರಿಗೆ ಇಂಥ ಹಲವು ಮಾದರಿಗಳನ್ನು ಒಂದೇ ಕಿಟಕಿಯಲ್ಲಿ ಕೊಡುವ ಅಲ್ಟಿಮೇಟ್ ವೋಕಲ್ ರಿಮೂವರ್ ಉಚಿತವಾಗಿ ಸಿಗುತ್ತದೆ.

ಸ್ಟುಡಿಯೊಗಳಲ್ಲಿ ಇದು ಏನು ಸಾಧಿಸಿದೆ ಎಂಬುದಕ್ಕೆ ಬೀಟಲ್ಸ್ ತಂಡದ ಹಾಡುಗಳೇ ಸಾಕ್ಷಿ. 1966ರ ‘ರಿವಾಲ್ವರ್’ ಆಲ್ಬಮ್ ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ ದಾಖಲಾಗಿತ್ತು. ಅದರ ‘ಟ್ಯಾಕ್ಸ್‌ಮನ್’ ಹಾಡಿನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿದ್ದವು. ಪೀಟರ್ ಜಾಕ್ಸನ್ ಅವರ ತಂಡ 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ಮೋನೊ ಟೇಪುಗಳಿಂದ ಮಾತು ಮತ್ತು ವಾದ್ಯಗಳನ್ನು ಬೇರ್ಪಡಿಸಲು ಕಟ್ಟಿದ್ದ ವ್ಯವಸ್ಥೆಯಿಂದ ಅವನ್ನು ಬಿಡಿಸಲಾಯಿತು. 2022ರಲ್ಲಿ ಜೈಲ್ಸ್ ಮಾರ್ಟಿನ್ ಆ ಆಲ್ಬಮನ್ನು ಹೊಸದಾಗಿ ಮಿಕ್ಸ್ ಮಾಡಿದರು. ಅದೇ ತಂಡದ ಜಾನ್ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಹಾಡಿದ್ದ ಕ್ಯಾಸೆಟ್ಟಿನಿಂದ ಅವರ ಕಂಠವನ್ನು ಬೇರ್ಪಡಿಸಿ 2023ರ ನವೆಂಬರಿನಲ್ಲಿ ‘ನೌ ಅಂಡ್ ದೆನ್’ ಹಾಡನ್ನು ಹೊರತರಲಾಯಿತು. 1995ರಲ್ಲಿ ಇದೇ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಕೈಬಿಡಲಾಗಿತ್ತು.

ಮುಚ್ಚಿಕೊಳ್ಳುವ ತಪ್ಪು, ಬಯಲಾಗುವ ತಪ್ಪು

ಸ್ಟೆಮ್ ಎಂದರೆ ಸ್ಟುಡಿಯೊದ ಮೂಲ ಟ್ರ್ಯಾಕ್ ಅಲ್ಲ, ಅದರ ಅಂದಾಜು. ಪಿಟೀಲು ಮತ್ತು ಕಂಠ ಒಂದೇ ಸ್ವರದಲ್ಲಿ ಸೇರಿದಾಗ ಅವುಗಳ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ; ಪಾಲು ಹಂಚುವಲ್ಲಿ ಯಂತ್ರ ತಪ್ಪುತ್ತದೆ. ಹಾಡಿನಲ್ಲಿ ಬರುವ ಸ, ಶ, ಷ ಅಕ್ಷರಗಳ ಸೀತ್ಕಾರ ಹೈ-ಹ್ಯಾಟ್ ತಾಳದ ಸದ್ದನ್ನು ಹೋಲುವುದರಿಂದ ಎಷ್ಟೋ ಸಲ ಡ್ರಮ್ಸ್ ಫೈಲಿಗೆ ಹೋಗಿ ಸೇರುತ್ತದೆ. ಕಂಠದ ಹಿಂದಿನ ಅನುರಣನ ಅರ್ಧ ಕಂಠದ ಜೊತೆ, ಅರ್ಧ ಇತರೆಯ ಜೊತೆ ಹರಿದು ಹಂಚಿಹೋಗುತ್ತದೆ.

ಎಲ್ಲ ಸ್ಟೆಮ್‌ಗಳನ್ನೂ ಒಟ್ಟಿಗೆ ನುಡಿಸಿದರೆ ಈ ದೋಷಗಳು ಕೇಳಿಸುವುದಿಲ್ಲ. ಒಂದರಿಂದ ತಪ್ಪಿದ್ದು ಇನ್ನೊಂದರಲ್ಲಿ ಇರುವುದರಿಂದ ಮೊತ್ತ ಬಹುಮಟ್ಟಿಗೆ ಮೂಲ ಹಾಡೇ ಆಗಿರುತ್ತದೆ. ಜೋರಾದ ದನಿ ತನ್ನ ನೆರೆಯ ಮೆಲುದನಿಯನ್ನು ಮುಚ್ಚುವುದು ಕಿವಿಯ ಸ್ವಭಾವವೂ ಹೌದು. ಅವನ್ನೇ ಕೋಣೆಯ ಬೇರೆ ಬೇರೆ ಮೂಲೆಗೆ ಕಳಿಸಿದರೆ ಈ ಎರಡು ರಕ್ಷಣೆಗಳೂ ತಪ್ಪುತ್ತವೆ. ಕಂಠ ಮುಂದಿದ್ದು ಡ್ರಮ್ಸ್ ಹಿಂದಿದ್ದರೆ ಪದದ ನಡುವಿನ ‘ಸ’ಕಾರ ಮಾತ್ರ ಬೆನ್ನ ಹಿಂದಿನಿಂದ ಚಿಮ್ಮುತ್ತದೆ. ಮನೆಯಲ್ಲಿ ಮಾಡುವ ಸರೌಂಡ್ ಮಿಕ್ಸಿನ ಮೂಲಸೂತ್ರ ಇಲ್ಲಿಂದಲೇ ಹುಟ್ಟುತ್ತದೆ: ಸ್ಟೆಮ್‌ಗಳನ್ನು ದೂರ ಸರಿಸಿದಷ್ಟೂ ತಪ್ಪುಗಳು ಹೊರಬೀಳುತ್ತವೆ. ಒಳ್ಳೆಯ ಮಿಕ್ಸ್ ಎಂದರೆ ಎಷ್ಟು ದೂರ ಸರಿಸಬಹುದೆಂಬುದನ್ನು ಪ್ರತಿ ಹಾಡಿಗೂ ಕಿವಿಯಿಂದ ಕಂಡುಕೊಂಡ ಮಿಕ್ಸ್.

ಕೆಲಸದ ಕ್ರಮ

ಮೊದಲನೆಯದು ಮೂಲದ ಆಯ್ಕೆ. ಸಿಡಿಯಿಂದ ತೆಗೆದ ಅಥವಾ ದನಿಯ ಯಾವ ಅಂಶವನ್ನೂ ಕಳೆಯದ ಫ್ಲ್ಯಾಕ್ ರೂಪದಲ್ಲಿ ಕೊಂಡ ಫೈಲ್ ಇರಬೇಕು. ಎಂಪಿ3 ಪದ್ಧತಿ ಗಾತ್ರ ತಗ್ಗಿಸುವುದು ಬೇರೆ ದನಿಯ ಮರೆಯಲ್ಲಿ ಕೇಳಿಸದ ಅಂಶಗಳನ್ನು ತ್ಯಜಿಸಿ. ಮರೆ ಸರಿದಾಗ ಆ ಖಾಲಿ ಜಾಗಗಳು ನೀರಿನಲ್ಲಿ ಗುಳುಗುಳಿಸುವ ಸದ್ದಿನಂತೆ ಕೇಳಿಸುತ್ತವೆ.

ಬೇರ್ಪಡಿಸಿದ ಮೇಲೆ ಎಲ್ಲ ಸ್ಟೆಮ್‌ಗಳ ಮೊತ್ತವನ್ನು ಮೂಲ ಹಾಡಿನಿಂದ ಕಳೆದು ನೋಡಬೇಕು. ಉಳಿದದ್ದೇನಾದರೂ ಇದ್ದರೆ ಅದನ್ನೂ ಒಂದು ಸ್ಟೆಮ್ ಎಂದೇ ಭಾವಿಸಿ ಮುಂದಿನ ಎಡಬಲ ಸ್ಪೀಕರುಗಳಿಗೆ ಕೊಟ್ಟರೆ ಹಾಡಿನ ಯಾವ ಅಂಶವೂ ಕಳೆದುಹೋಗುವುದಿಲ್ಲ. ಉದಾಹರಣೆಗೆ ಸ್ಪ್ಲೀಟರಿನ ಸಾಮಾನ್ಯ ಮಾದರಿಗಳು 11 ಕಿಲೊಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಬಿಡಿಸುತ್ತವೆ. ಅದರ ಮೇಲಿನ ಮಿನುಗೆಲ್ಲ ಈ ಉಳಿಕೆಯಲ್ಲೇ ಇರುತ್ತದೆ.

ಮುಂದಿನದು ಸ್ಪೀಕರುಗಳ ಜಾಗ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ನಡುವಿನ ಸ್ಪೀಕರ್ ಕೇಳುಗರ ಎದುರಿಗೆ, ಮುಂದಿನ ಎಡಬಲ ಸ್ಪೀಕರುಗಳು ಅದರಿಂದ 30 ಡಿಗ್ರಿ ಅತ್ತಿತ್ತ, ಸರೌಂಡ್ ಸ್ಪೀಕರುಗಳು 100ರಿಂದ 120 ಡಿಗ್ರಿಯಲ್ಲಿ ಇರಬೇಕು. ಅಂದರೆ ಅವುಗಳ ಜಾಗ ಕೋಣೆಯ ಹಿಂಗೋಡೆಯಲ್ಲ, ಕಿವಿಗಿಂತ ತುಸು ಹಿಂದೆ. ಐದರಿಂದಲೂ ಒಂದೇ ಪ್ರಮಾಣದ ಸದ್ದು ಕೇಳುಗರ ಆಸನಕ್ಕೆ ತಲಪುವಂತೆ ಹೊಂದಿಸಿಕೊಂಡ ಮೇಲೆಯೇ ಮಿಕ್ಸಿಂಗ್ ಶುರುಮಾಡಬೇಕು.

ಹಂಚುವಾಗ ಕಂಠಕ್ಕೆ ನಡುವಿನ ಸ್ಪೀಕರ್ ಸಹಜವಾದ ಜಾಗ. ಪೂರ್ತಿ ಅಲ್ಲಿಗೇ ಕೊಟ್ಟರೆ ದೋಷಗಳು ಬೆತ್ತಲಾಗುತ್ತವೆ. ಒಂದಿಷ್ಟನ್ನು ಮುಂದಿನ ಎಡಬಲಗಳಿಗೂ ಬಿಟ್ಟರೆ ಅಲ್ಲಿನ ವಾದ್ಯಗಳು ಅವನ್ನು ಮುಚ್ಚುತ್ತವೆ. ಡ್ರಮ್ಸ್ ಮತ್ತು ಬೇಸ್ ಹಾಡಿನ ನೆಲೆಗಟ್ಟಾದ್ದರಿಂದ ಮುಂದೆಯೇ ಇರಲಿ. ಹಿಂದಕ್ಕೆ ಕಳಿಸಲು ತಕ್ಕವು ಕೋರಸ್ ದನಿಗಳು, ತಂತಿವಾದ್ಯಗಳ ಮೇಳ, ಕೀಬೋರ್ಡಿನ ಹಿನ್ನೆಲೆ, ಸಭಿಕರ ಚಪ್ಪಾಳೆ. ಇವು ಬಹುಪಾಲು ‘ಇತರೆ’ ಸ್ಟೆಮಿನಲ್ಲಿ ಒಟ್ಟಾಗಿರುತ್ತವೆ. ಆ ಸ್ಟೆಮ್ ಕೂಡ ಸ್ಟೀರಿಯೊದಲ್ಲೇ ಇರುವುದರಿಂದ ಎಡಬಲಗಳನ್ನು ಕಳೆಯುವ ಹಳೆಯ ಉಪಾಯವನ್ನು ಅದರ ಮೇಲೆ ಮಾಡಿದರೆ ಅಂಚಿನ ವಾದ್ಯಗಳು ಸಿಗುತ್ತವೆ. ಸ್ಥಾನ ಮಾತ್ರ ತಿಳಿಯುವ ವಿಧಾನ ಮತ್ತು ರೂಪ ತಿಳಿಯುವ ವಿಧಾನ ಇಲ್ಲಿ ಒಂದಕ್ಕೊಂದು ನೆರವಾಗುತ್ತವೆ. ಹಿಂದಿನ ಸ್ಪೀಕರುಗಳಿಗೆ ಹೋಗುವುದನ್ನು 10ರಿಂದ 20 ಮಿಲಿಸೆಕೆಂಡ್ ತಡವಾಗಿಸುವುದೂ ಉಪಯುಕ್ತ. ಒಂದೇ ದನಿ ಎರಡು ಕಡೆಯಿಂದ ಬಂದಾಗ ಕಿವಿ ಮೊದಲು ತಲಪಿದ ದಿಕ್ಕನ್ನೇ ನಂಬುತ್ತದೆ. ಹಾಗಾಗಿ ಮುಂದಿನಿಂದ ಹಿಂದಕ್ಕೆ ಸೋರಿದ ಕಂಠದ ಚೂರುಗಳು ಬೆನ್ನ ಹಿಂದೆ ಕೇಳಿಸದೆ ಮುಂದಿನ ಕಂಠದಲ್ಲೇ ಕರಗುತ್ತವೆ.

ಸಬ್‌ವೂಫರಿಗೆಂದು ಮೀಸಲಾದ ‘.1’ ಚಾನೆಲ್ 120 ಹರ್ಟ್ಸ್‌ವರೆಗಿನ ತಗ್ಗುದನಿಗೆ ಮಾತ್ರ. ಅದನ್ನು ಉಪಕರಣಗಳು 10 ಡೆಸಿಬಲ್ ಏರಿಸಿ ನುಡಿಸುವುದರಿಂದ ಅಲ್ಪಸ್ವಲ್ಪ ಕೊಟ್ಟರೆ ಸಾಕು. ಐದು ಚಾನೆಲ್ಲನ್ನು ಎರಡಕ್ಕೆ ಇಳಿಸಿ ನುಡಿಸುವ ಸಾಧನಗಳು ಸಾಮಾನ್ಯವಾಗಿ ಈ ಚಾನೆಲ್ಲನ್ನು ಬಿಟ್ಟುಬಿಡುತ್ತವೆ. ಬೇಸ್ ಅಲ್ಲಿ ಮಾತ್ರ ಇದ್ದರೆ ಅಲ್ಲಿಗೆ ಬೇಸ್ ಹೋದಂತೆಯೇ. ಕೊನೆಗೊಮ್ಮೆ ಇಡೀ ಮಿಕ್ಸನ್ನು ಸ್ಟೀರಿಯೊಗೆ ಇಳಿಸಿ ಮೂಲದ ಪಕ್ಕದಲ್ಲಿಟ್ಟು ಕೇಳುವುದು ಒಳ್ಳೆಯ ಪರೀಕ್ಷೆ. ಎರಡೂ ಹತ್ತಿರ ಹತ್ತಿರ ಇದ್ದರೆ ಮೂಲದ ತೂಕ ಕೆಟ್ಟಿಲ್ಲ ಎಂದರ್ಥ.

ಈ ಹಂಚಿಕೆಗೆ ರೀಪರ್‌ನಂಥ ಬಹು ಚಾನೆಲ್ ಮಿಕ್ಸಿಂಗ್ ತಂತ್ರಾಂಶ ಬೇಕು. ಸರಳ ಹಂಚಿಕೆಗೆ ಉಚಿತವಾದ ಆಡಾಸಿಟಿ ಸಾಕಾಗುತ್ತದೆ. ಸಿದ್ಧವಾದ ಮಿಕ್ಸನ್ನು ಎಂಟು ಚಾನೆಲ್‌ವರೆಗೆ ಹಿಡಿಸುವ ಫ್ಲ್ಯಾಕ್ ಫೈಲಾಗಿ ಉಳಿಸಿ, ಕಂಪ್ಯೂಟರಿನಿಂದ ಎಚ್‌ಡಿಎಂಐ ಕೇಬಲ್ ಮೂಲಕ ಹೋಮ್ ಥಿಯೇಟರ್ ರಿಸೀವರಿಗೆ ಕೊಟ್ಟರೆ ಆಯಿತು.

ಹಳೆಯ ಕನ್ನಡ ಹಾಡುಗಳು

ಕಪ್ಪುಬಿಳುಪು ಕಾಲದ ಕನ್ನಡ ಚಿತ್ರಗೀತೆಗಳು ಮೋನೊದಲ್ಲಿ ದಾಖಲಾದವು. ಮದರಾಸಿನ ಸ್ಟುಡಿಯೊಗಳಲ್ಲಿ ಗಾಯಕರು ಮತ್ತು ವಾದ್ಯವೃಂದ ಒಟ್ಟಿಗೆ ಸೇರಿ ಹಾಡು ಮುಗಿಸುತ್ತಿದ್ದ ಕಾಲವದು; ಬಿಡಿ ಟ್ರ್ಯಾಕ್ ಎಂಬುದೇ ಅವಕ್ಕಿಲ್ಲ. ಹೊಸ ತಂತ್ರಾಂಶಗಳು ದನಿಯ ರೂಪವನ್ನು ಓದುವುದರಿಂದ ಇಂಥ ಹಾಡುಗಳಿಗೂ ದಾರಿ ತೆರೆದಿದೆ, ಇದು ನಿಜವಾದ ಲಾಭ. ತೊಡಕೂ ಇದೆ. ಯಂತ್ರ ಕಲಿತದ್ದು ಹೆಚ್ಚಾಗಿ ಪಾಶ್ಚಾತ್ಯ ಪಾಪ್ ಮತ್ತು ರಾಕ್ ಹಾಡುಗಳಿಂದ. ತಬಲದ ಬಲಗೈ ಪೆಟ್ಟು ಡ್ರಮ್ಸ್ ಎಂದೂ ಎಡಗೈಯ ಜಾರುವ ಗುಂಕಾರ ಬೇಸ್ ಎಂದೂ ಒಡೆದು ಹೋಗಬಹುದು. ಕಂಠವನ್ನು ಹಿಂಬಾಲಿಸುವ ಪಿಟೀಲು, ಕೊಳಲು ಕಂಠದ ಫೈಲಿನೊಳಗೇ ನುಸುಳಬಹುದು. ಹೀಗಾಗಿ ಇಲ್ಲಿ ನಾಲ್ಕು ಭಾಗ ಮಾಡುವ ಬದಲು ಕಂಠ ಮತ್ತು ವಾದ್ಯವೃಂದ ಎಂದು ಎರಡೇ ಭಾಗ ಮಾಡಿ, ಕಂಠವನ್ನು ನಡುವೆ ಇರಿಸಿ, ವೃಂದವನ್ನು ಮುಂದೆ ಹರಡಿ, ಅದರ ಅನುರಣನವನ್ನಷ್ಟೇ ಹಿಂದಕ್ಕೆ ಕೊಡುವುದು ಹೆಚ್ಚು ಹೊಂದುತ್ತದೆ.

ಶಾಸ್ತ್ರೀಯ ಸಂಗೀತಕ್ಕೆ ತಕ್ಕ ಮಾದರಿಗಳನ್ನು ಕಟ್ಟುವ ಪ್ರಯತ್ನವೂ ನಡೆದಿದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ‘ಸರಗ’ ಸಂಗ್ರಹದಲ್ಲಿ ಕರ್ನಾಟಕ ಸಂಗೀತ ಕಚೇರಿಗಳ ಬಹು ಟ್ರ್ಯಾಕ್ ದಾಖಲೆಗಳಿವೆ. ಕಚೇರಿಯಲ್ಲಿ ಎಲ್ಲರೂ ಒಂದೇ ವೇದಿಕೆಯಲ್ಲಿ ಕೂರುವುದರಿಂದ ಒಬ್ಬರ ಮೈಕಿಗೆ ಇನ್ನೊಬ್ಬರ ನಾದ ಸೇರುತ್ತದೆ. ಶುದ್ಧವಾದ ಬಿಡಿ ಟ್ರ್ಯಾಕ್ ಇಲ್ಲದೆ ಕಲಿಸುವುದು ಹೇಗೆಂಬುದೇ ಅಲ್ಲಿನ ಮುಖ್ಯ ಸವಾಲು.

ಹಕ್ಕಿನ ಮಿತಿ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಅಥವಾ ಸ್ವಂತ ಬಳಕೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಲು ಅವಕಾಶ ಕೊಡುತ್ತದೆ. ಕೊಂಡ ಸಿಡಿಯಿಂದ ತಾವೇ ಕೇಳಲು ಮಾಡಿಕೊಂಡ ಮಿಕ್ಸ್‌ಗೆ ಈ ನೆಲೆ ಇದೆ; ಅದನ್ನು ಮಾರುವುದಕ್ಕಾಗಲಿ, ಜಾಲದಲ್ಲಿ ಹರಿಬಿಡುವುದಕ್ಕಾಗಲಿ ಇಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಅವುಗಳ ಕರ್ತೃಗಳು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಆದ್ದರಿಂದ ಮುದ್ರಣ ಹಕ್ಕುಮುಕ್ತವಾದ ಹಳೆಯ ಹಾಡನ್ನೂ ಸಾರ್ವಜನಿಕರಿಗೆ ಹಂಚಬೇಕೆಂದರೆ ಕವಿ ಮತ್ತು ಸಂಗೀತ ನಿರ್ದೇಶಕರ ಹಕ್ಕುದಾರರ ಒಪ್ಪಿಗೆ ಪಡೆಯುವುದು ಅಗತ್ಯ.