ಕೆಂಪು ಚೆಂಡು ಕಳ್ಳಿ: ಒಂದೇ ಕುಂಡ, ಎರಡು ಗಿಡ!

ನರ್ಸರಿಯಲ್ಲಿ ಹಸಿರು ಕಡ್ಡಿಯ ಮೇಲೆ ಕೆಂಪು ಚೆಂಡು ಕೂರಿಸಿದಂತಿರೋ ಕಳ್ಳಿ ನೋಡಿರ್ತೀರಿ. ಆಸೆಪಟ್ಟು ತಂದು, ದಿನಾ ನೀರು ಹಾಕಿ, ಮಳೆಗಾಲ ಮುಗಿಯೋದ್ರೊಳಗೆ ಕೊಳೆಸಿಕೊಂಡವರೂ ಇದ್ದಾರೆ. ಇದನ್ನ ಉಳಿಸಿಕೊಳ್ಳಬೇಕಂದ್ರೆ, ಕುಂಡದಲ್ಲಿರೋದು ಒಂದಲ್ಲ, ಎರಡು ಗಿಡ ಅನ್ನೋದು ಮೊದಲು ಗೊತ್ತಿರಬೇಕು.

ಮೇಲಿನ ಚೆಂಡು
ಇದರ ಹೆಸರು ಜಿಮ್ನೊಕ್ಯಾಲಿಸಿಯಂ ಮಿಹನೋವಿಚಿ. ದಕ್ಷಿಣ ಅಮೆರಿಕದ ಪರಾಗ್ವೆ ಮತ್ತು ಅರ್ಜೆಂಟೀನಾದ ಚಾಕೊ ಬಯಲು ಇದರ ತವರು. ಅಲ್ಲಿ ಇದು ಕೆಂಪಲ್ಲ, ಕಂದು ಮಿಶ್ರಿತ ಹಸಿರು. ನಿಂಬೆಹಣ್ಣಿನಷ್ಟು ಗಾತ್ರ, ಸುಮಾರು 8 ಏಣು, ಗಿಡ್ಡ ಮುಳ್ಳು. ಪೊದೆಗಳ ನೆರಳಲ್ಲಿ ಆರಾಮಾಗಿ ಬೆಳೆಯುತ್ತೆ.

1941ರಲ್ಲಿ ಜಪಾನಿನಲ್ಲಿ ಇದರ ಬೀಜದ ಸಸಿಗಳ ನಡುವೆ ಕೆಂಪು ಸಸಿ ಕಾಣಿಸಿಕೊಂಡವು. ಅವುಗಳಲ್ಲಿ ಪತ್ರಹರಿತ್ತು ಇರಲಿಲ್ಲ. ಅಂದ್ರೆ ತಮ್ಮ ಅಡುಗೆ ತಾವು ಮಾಡಿಕೊಳ್ಳೋ ಶಕ್ತಿ ಇಲ್ಲ, ಹಾಗೇ ಬಿಟ್ರೆ ಸಾಯ್ತವೆ. ಇನ್ನೊಂದು ಹಸಿರು ಕಳ್ಳಿಗೆ ಕಸಿ ಕಟ್ಟಿದ್ದರಿಂದ ಬದುಕಿದವು. ಇವತ್ತು ದಕ್ಷಿಣ ಕೊರಿಯಾದ ರೈತರು ಇವನ್ನೇ ಬೆಳೆದು ಹೊರದೇಶಗಳಿಗೆ ಕಳಿಸ್ತಾರೆ.

ಕೆಳಗಿನ ಕಡ್ಡಿ
ಮೂರು ಮೂಲೆಯ ಆ ಕಡ್ಡಿ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಗಿಡ! ಊಟ ಹಾಕೋದು ಇದು, ತಿನ್ನೋದು ಮೇಲಿನದು. ಹಾಗಾಗಿ ಆರೈಕೆ ಮಾಡಬೇಕಾದದ್ದು ಕೆಳಗಿನ ಗಿಡಕ್ಕೆ.

• ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು. ಮಳೆಗೆ ಇಡಬೇಡಿ.
• ಕತ್ತಲ ಮೂಲೆ ಬೇಡ, ಕಡ್ಡಿಗೆ ಬೆಳಕು ಬೇಕು. ಮಧ್ಯಾಹ್ನದ ಬಿಸಿಲೂ ಬೇಡ, ಚೆಂಡು ಸುಡುತ್ತೆ.
• ಕಡ್ಡಿಯಿಂದ ಚಿಗುರು ಬಂದ್ರೆ ಚಿವುಟಿ. ಇಲ್ಲಾಂದ್ರೆ ಅದೇ ಊಟ ಕಸಿಯುತ್ತೆ.

ನೀವೇ ಕಸಿ ಕಟ್ಟಿ
ಡ್ರ್ಯಾಗನ್ ತೋಟ ಇದ್ರೆ ಸವರಿದ ಕಡ್ಡಿಗಳನ್ನ ಎಸೀಬೇಡಿ. ಗೇಣುದ್ದ ಕತ್ತರಿಸಿ, ಗಾಯ ಒಣಗಿಸಿ, ಬೇರು ಬರಿಸಿ. ಒಣ ಹವೆಯ ದಿನ ಶುದ್ಧವಾದ ಚಾಕುವಿನಿಂದ ತುದಿಯನ್ನ ಸಮತಟ್ಟಾಗಿ ಕೊಯ್ಯಿರಿ. ಕೆಂಪು ಕಳ್ಳಿಯ ಮರಿಯನ್ನೂ ಬುಡದಲ್ಲಿ ಹಾಗೇ ಕೊಯ್ಯಿರಿ. ಎರಡರಲ್ಲೂ ನಡುವೆ ಸಣ್ಣ ಉಂಗುರ ಕಾಣುತ್ತೆ. ಆ ಉಂಗುರಗಳು ಒಂದನ್ನೊಂದು ಮುಟ್ಟಲೇಬೇಕು. ರಬ್ಬರ್ ಬ್ಯಾಂಡ್ ಹಾಕಿ, ಎರಡು ವಾರ ನೆರಳಲ್ಲಿಡಿ. ಗಾಯಕ್ಕೆ ನೀರು ತಾಗಬಾರದು.

ಕೊನೇ ಮಾತು: ಈ ಜೋಡಿ ಸಾಮಾನ್ಯವಾಗಿ ಬಾಳೋದು ಕೆಲವೇ ವರ್ಷ. ಮರಿ ತೆಗೆದು ಹೊಸ ಕಡ್ಡಿಗೆ ಕಟ್ತಾ ಇದ್ರೆ ಮಾತ್ರ ಸಂತತಿ ಉಳಿಯುತ್ತೆ. ಮಾರುವಾಗ ಗಿರಾಕಿಗೂ ಇದನ್ನ ಹೇಳಿಬಿಡಿ. ಗಿಡ ಸತ್ತರೂ ನಿಮ್ಮ ಮೇಲಿನ ನಂಬಿಕೆ ಸಾಯಲ್ಲ.