ಮಂಗನ ತಲೆಗೆ ಕಟ್ಟಿದ ಕಾಯಿಲೆ

ಸಾಗರದ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ದರಗು, ಅಂದರೆ ಕಾಡಿನ ಒಣ ತರಗೆಲೆ, ಹೊತ್ತು ತರುತ್ತಿದ್ದ ಹೆಂಗಸೊಬ್ಬರು ಕೆಲವು ವರ್ಷಗಳ ಹಿಂದೆ ಮಂಗನ ಕಾಯಿಲೆಯಿಂದ ಹಾಸಿಗೆ ಹಿಡಿದರು. ಬೆಂಗಳೂರಿನಿಂದ ಊರಿಗೆ ಹೋದ ನಾನು ಅವರನ್ನು ನೋಡಲು ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: ‘ಈ ಸಲ ಒಂದು ಮಂಗನೂ ಸತ್ತಿದ್ದು ಕಾಣ್ಲಿಲ್ಲ. ನಂಗೆ ಹೆಂಗೆ ಬಂತು ಅಯ್ಯಾ?’

ತೊಡಕಿರುವುದು ಹೆಸರಿನಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ವೈರಾಣು ಪತ್ತೆಯಾಯಿತು. ಹೆಸರು ಮಂಗನಿಗೆ ಅಂಟಿತು. ವಾಸ್ತವದಲ್ಲಿ ಮಂಗವೂ ನಮ್ಮಂತೆ ಬಲಿಪಶು; ರೋಗ ದಾಟಿಸುವುದು ಉಣ್ಣೆ ಎಂದೂ ಕರೆಯುವ ಉಣುಗು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳಿಂದ ಆ ಜಾಗ ಅಪಾಯಕಾರಿಯಾಗುತ್ತದೆ, ನಿಜ. ಆದರೆ ಮಂಗ ಸತ್ತದ್ದು ಕಾಣಲಿಲ್ಲವೆಂದು ಕಾಡು ಸುರಕ್ಷಿತವಲ್ಲ. ಎಳ್ಳಿಗಿಂತ ಸಣ್ಣದಾದ ಮರಿ ಉಣುಗುಗಳು ಹೆಚ್ಚುವುದು ಒಣ ತಿಂಗಳುಗಳಲ್ಲಿ. ನಾವು ದರಗು ಗುಡಿಸುವುದೂ ಆಗಲೇ.

ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಮರುಕಳಿಸಿ ಕೈನಡುಕ, ಮಂಜುದೃಷ್ಟಿ ತರುತ್ತದೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಆಸ್ಪತ್ರೆಯಲ್ಲಿ ಸಿಗುವುದು ದ್ರವಾಹಾರ, ಪ್ಯಾರಸಿಟಮಾಲ್, ರಕ್ತಸ್ರಾವದ ಮೇಲೆ ನಿಗಾ. ಜೀವ ಉಳಿಸುವುದು ಈ ಸಾಧಾರಣ ಆರೈಕೆಯೇ. ನಮ್ಮ ಆ ಹೆಂಗಸು ಮೊದಲ ಮೂರು ದಿನ ಅಂಗಡಿಯ ನೋವಿನ ಮಾತ್ರೆ ನುಂಗಿದ್ದರು. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಚ್ಚಿಕೊಂಡ ಉಣುಗನ್ನು ಬೀಡಿಯ ಕಿಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು ತಪ್ಪು. ಚಿಮಟದಿಂದ ಚರ್ಮದ ಅಂಚಿನಲ್ಲೇ ಹಿಡಿದು, ತಿರುಚದೆ, ನೇರ ಎಳೆದು ತೆಗೆದು ಸೋಪಿನಿಂದ ತೊಳೆಯಬೇಕು. ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವಿದೆ. ಕೆಲವು ಗಂಟೆಗಳಲ್ಲಿ ಅದರ ಗುಣ ಇಳಿಯುತ್ತದೆ.

ಅವರು ಗುಣವಾದರು. ಮುಂದಿನ ಬೇಸಿಗೆಗೆ ಬುಟ್ಟಿ ಹಿಡಿದು ಬಂದಾಗ ಕಾಡಿಗೆ ಹೋಗುವುದು ಬೇಡವೆಂದೆ. ‘ಹಂಗಾರೆ ಕೂಲಿ?’ ಎಂದರು. ತೋಟದೊಳಗೇ ಕೆಲಸ ಕೊಟ್ಟೆವು. ದರಗಿಗೆ ಈಗ ಬೇರೆಯವರು ಹೋಗುತ್ತಾರೆ.