ಅರ್ಜಿಯಲ್ಲಿ ಅಂಕಣವಿಲ್ಲದ ಸಂಗಾತಿ

ಅಂತರ್ಜಾಲ ಸೇವೆಗಳ ಉದ್ಯಮ ಬೆಂಗಳೂರಿಗೆ ಸೆಳೆದುಕೊಂಡ ಲಕ್ಷಾಂತರ ಯುವಕರಲ್ಲಿ ಪುರುಷರತ್ತಲೇ ಒಲವುಳ್ಳ ಪುರುಷರೂ, ಅಂದರೆ ಸಲಿಂಗಪ್ರೇಮಿ ಎಂದೋ ಗೇ ಎಂದೋ ತಮ್ಮನ್ನು ಗುರುತಿಸಿಕೊಳ್ಳುವವರೂ ಇದ್ದಾರೆ. ಅವರ ಬಗ್ಗೆ ಸಾರ್ವಜನಿಕವಾಗಿ ನಡೆಯುವ ಚರ್ಚೆ ಹೆಚ್ಚಾಗಿ ನ್ಯಾಯಾಲಯದ ತೀರ್ಪುಗಳ ಸುತ್ತ, ಇಲ್ಲವೇ ವರ್ಷಕ್ಕೊಮ್ಮೆ ನಡೆಯುವ ಮೆರವಣಿಗೆಯ ಸುತ್ತ ನಿಂತುಬಿಡುತ್ತದೆ. ಕಚೇರಿಗೆ ಹೋಗಿ ಬಂದು, ಮನೆ ಬಾಡಿಗೆ ಕಟ್ಟಿ, ಊರಿಗೆ ಹಣ ಕಳಿಸಿ, ಪ್ರೀತಿಸಿದವನೊಡನೆ ಅಡುಗೆ ಮಾಡಿಕೊಂಡು ಉಣ್ಣುವ ಸಾಮಾನ್ಯ ದಿನಚರಿ ಆ ಚರ್ಚೆಯಲ್ಲಿ ಕಾಣಿಸುವುದಿಲ್ಲ. ಆ ದಿನಚರಿಯನ್ನು ಗಮನವಿಟ್ಟು ನೋಡಿದರೆ ತಿಳಿಯುವ ಸಂಗತಿಯೆಂದರೆ, ಅಪರಾಧಿಯೆಂಬ ಹಣೆಪಟ್ಟಿಯನ್ನು ನ್ಯಾಯಾಲಯ ಕಿತ್ತುಹಾಕಿ ವರ್ಷಗಳು ಕಳೆದಿದ್ದರೂ, ಯಾರಿಗೆ ಎಷ್ಟು ಗೊತ್ತಿರಬೇಕು ಎಂಬ ಲೆಕ್ಕಾಚಾರ ಸಲಿಂಗಪ್ರೇಮಿಯನ್ನು ದಿನವೂ ದಣಿಸುತ್ತಿದೆ ಮತ್ತು ಅವನ ಸಂಗಾತಿಯ ಹೆಸರು ಬರೆಯಲು ಮುಖ್ಯವಾದ ಅರ್ಜಿಗಳಲ್ಲಿ ಇಂದಿಗೂ ಜಾಗವಿಲ್ಲ.

ಅಂತರ್ಜಾಲ ಸೇವೆಯೆಂದರೆ ತಂತ್ರಾಂಶ ಬರೆಯುವುದಷ್ಟೇ ಅಲ್ಲ. ಹಣ ಪಾವತಿಸುವ ಆ್ಯಪ್, ಟಿಕೆಟ್ ಕಾಯ್ದಿರಿಸುವ ತಾಣ, ಇ-ಮೇಲ್ ಇವೆಲ್ಲದರ ಹಿಂದೆ ಸರ್ವರ್ ಎಂದು ಕರೆಯಲಾಗುವ ಕಂಪ್ಯೂಟರುಗಳು ಹಗಲಿರುಳು ಓಡುತ್ತಿರುತ್ತವೆ. ಅವು ನಿಂತುಹೋದರೆ ಸರಿರಾತ್ರಿಯಲ್ಲಾದರೂ ಎದ್ದು ಸರಿಪಡಿಸಲು ಒಬ್ಬೊಬ್ಬರನ್ನು ಸರದಿಯ ಮೇಲೆ ಗೊತ್ತುಮಾಡಿರುತ್ತಾರೆ, ಆ ಸರದಿಯನ್ನು ಆನ್‌ಕಾಲ್ ಎನ್ನುತ್ತಾರೆ. ಅಮೆರಿಕದ ಹಗಲಿಗೆ ಹೊಂದಿಸಿದ ರಾತ್ರಿ ಪಾಳಿ ಮತ್ತು ಹಬ್ಬದ ದಿನದ ಪಾಳಿ ಅವಿವಾಹಿತರ ಪಾಲಿಗೆ ಬರುವುದು ಸಾಮಾನ್ಯ, ಏಕೆಂದರೆ ಹೆಂಡತಿ ಮಕ್ಕಳಿಲ್ಲದವನಿಗೆ ಮನೆಯಲ್ಲಿ ಕಾಯುವವರು ಯಾರೂ ಇಲ್ಲವೆಂದು ಸಹೋದ್ಯೋಗಿಗಳು ಭಾವಿಸಿರುತ್ತಾರೆ. ಕಾಯುವವನೊಬ್ಬ ಇದ್ದರೂ ಹಾಗೆಂದು ಹೇಳಲಾಗದೆ ಆತ ಪಾಳಿಯನ್ನು ಒಪ್ಪಿಕೊಳ್ಳುತ್ತಾನೆ. ಇನ್ನು ಕೆಲವರು ಯುಗಾದಿ, ದೀಪಾವಳಿಯ ಪಾಳಿಗಳನ್ನು ತಾವಾಗಿಯೇ ಕೇಳಿ ಪಡೆಯುವುದೂ ಉಂಟು. ಊರಿಗೆ ಹೋದರೆ ಹೆಣ್ಣಿನ ಜಾತಕದ ಮಾತು ಬಾರದೆ ಹೋಗುವುದಿಲ್ಲ.

ಈ ಉದ್ಯಮಕ್ಕೂ ಇಂಥವರ ಬದುಕಿಗೂ ಇರುವ ನಂಟು ಸಂಬಳದ್ದಷ್ಟೇ ಅಲ್ಲ. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ಒದಗಿಸುವುದಕ್ಕೆ ಮುನ್ನ, ತನ್ನಂಥ ಇನ್ನೊಬ್ಬನನ್ನು ಕಾಣಬಯಸುವ ಪುರುಷನಿಗೆ ಬೆಂಗಳೂರಿನಲ್ಲಿ ಇದ್ದ ತಾಣಗಳೆಂದರೆ ಕಬ್ಬನ್ ಪಾರ್ಕಿನಂಥ ಉದ್ಯಾನಗಳು, ಬಸ್ ನಿಲ್ದಾಣದ ಆಸುಪಾಸುಗಳು ಮತ್ತು 1994ರಲ್ಲಿ ಆರಂಭವಾದ ಗುಡ್ ಆ್ಯಸ್ ಯೂ ಎಂಬ ಬೆಂಬಲ ಗುಂಪಿನ ಸಣ್ಣ ಸಭೆಗಳು. ಉದ್ಯಾನಗಳಲ್ಲಿ ಪೊಲೀಸರು ಹಣ ಕೀಳುತ್ತಿದ್ದುದನ್ನೂ, ಹೊಡೆದು ಮನೆಯವರಿಗೆ ತಿಳಿಸುವುದಾಗಿ ಬೆದರಿಸುತ್ತಿದ್ದುದನ್ನೂ ನಾಗರಿಕ ಸ್ವಾತಂತ್ರ್ಯಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರ ತನ್ನ ವರದಿಯಲ್ಲಿ ದಾಖಲಿಸಿತು. ಸೈಬರ್ ಕೆಫೆಯ ಮರೆಯಲ್ಲಿ ಹುಸಿ ಹೆಸರಿನಿಂದ ಮಾತನಾಡಬಹುದಾದ ಚಾಟ್ ಕೊಠಡಿಗಳು ಬಂದಾಗ, ಜಗತ್ತಿನಲ್ಲಿ ತಾನೊಬ್ಬನೇ ಹೀಗೆ ಎಂದು ನಂಬಿದ್ದ ಹುಡುಗರಿಗೆ ಆ ನಂಬಿಕೆ ಸುಳ್ಳೆಂದು ಮೊದಲ ಬಾರಿಗೆ ತಿಳಿಯಿತು. ಅಂತರ್ಜಾಲ ಭಾರತೀಯ ಸಮಾಜಕ್ಕೆ ಮಾಡಿದ ಉಪಕಾರಗಳನ್ನು ಎಣಿಸುವಾಗ ಇದನ್ನು ಬಿಡಬಾರದು.

ಆದರೆ ಅದೇ ತಂತ್ರಜ್ಞಾನ ಎಷ್ಟು ಬಯಲು ಮಾಡಬಲ್ಲದು ಎಂಬುದು ಅದನ್ನು ನಡೆಸುವವನಿಗೆ ಇತರರಿಗಿಂತ ಚೆನ್ನಾಗಿ ಗೊತ್ತು. 2009ರಲ್ಲಿ ಬಂದ ಗ್ರೈಂಡರ್ ಮತ್ತು ಅದರಂಥ ಆ್ಯಪ್‌ಗಳು ಹತ್ತಿರದಲ್ಲಿರುವ ಪುರುಷರನ್ನು ದೂರದ ಕ್ರಮದಲ್ಲಿ ತೋರಿಸುತ್ತವೆ. ಒಬ್ಬ ವ್ಯಕ್ತಿ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಮೂರು ಬೇರೆ ಬೇರೆ ಜಾಗಗಳಿಂದ ನಿಖರವಾಗಿ ನೋಡಿದರೆ, ಆ ದೂರಗಳ ಮೇಲೆ ಎಳೆದ ಮೂರು ವೃತ್ತಗಳು ಕೂಡುವ ಬಿಂದುವೇ ಅವನಿರುವ ಸ್ಥಳ. ಕಚೇರಿಯ ವೈಫೈ ಬಳಸಿದವರು ಯಾವ ಯಾವ ತಾಣಗಳನ್ನು ಕೇಳಿದರು ಎಂಬ ವಿವರ ಲಾಗ್ ಎಂಬ ದಾಖಲೆ ಕಡತದಲ್ಲಿ ಉಳಿಯಬಲ್ಲದು, ಮತ್ತು ಇಂಥ ಕಡತಗಳನ್ನು ಓದುವುದೇ ಜಾಲದ ಉಸ್ತುವಾರಿ ನೋಡುವವರ ಕೆಲಸದ ಭಾಗ. ಬೇರೆಯವರ ದಾಖಲೆಗಳನ್ನು ಕಾಪಾಡುವವನು ತನ್ನ ಫೋನಿನ ಜಾಡನ್ನು ಕುರಿತು ಸದಾ ಎಚ್ಚರವಾಗಿರಬೇಕಾಗಿ ಬರುವುದು ಸಣ್ಣ ಮಾತಲ್ಲ.

ಆ್ಯಪ್‌ಗಳ ಮೂಲಕ ನಡೆಯುವ ಸುಲಿಗೆ ಈ ಎಚ್ಚರಕ್ಕೆ ಮತ್ತೊಂದು ಕಾರಣ. ನಕಲಿ ಭಾವಚಿತ್ರದ ಹಿಂದೆ ಅಡಗಿದ ತಂಡ ಒಬ್ಬನನ್ನು ನಿರ್ಜನ ಜಾಗಕ್ಕೆ ಕರೆಸಿಕೊಂಡು, ವಿಡಿಯೊ ಮಾಡಿ, ಕಚೇರಿಗೂ ಮನೆಗೂ ಕಳಿಸುವುದಾಗಿ ಹೆದರಿಸಿ, ಅವನದೇ ಫೋನಿನಿಂದ ಹಣ ವರ್ಗಾಯಿಸಿಕೊಳ್ಳುವುದು ಇದರ ಸಾಮಾನ್ಯ ರೀತಿ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಇದು ಸುಲಿಗೆ, ದೂರು ಕೊಡುವವನು ಇಂದು ಯಾವ ಅಪರಾಧವನ್ನೂ ಮಾಡಿರುವುದಿಲ್ಲ. ಆದರೂ ಠಾಣೆಯಿಂದ ಮನೆಗೆ ಸುದ್ದಿ ಹೋದೀತೆಂಬ ಭಯದಿಂದ ಎಷ್ಟೋ ಮಂದಿ ದೂರಿನ ತಂಟೆಗೇ ಹೋಗುವುದಿಲ್ಲ. ಸುಲಿಗೆಕೋರರ ಧೈರ್ಯವೆಲ್ಲ ಈ ಮೌನವನ್ನು ನೆಚ್ಚಿಕೊಂಡಿದೆ.

ಆ ಮೌನಕ್ಕೆ ಬಹುಕಾಲ ಕಾನೂನಿನ ಒತ್ತಾಸೆಯೇ ಇತ್ತು. ಬ್ರಿಟಿಷರು 1860ರಲ್ಲಿ ರೂಪಿಸಿದ ದಂಡಸಂಹಿತೆಯ 377ನೇ ಕಲಂ, ಪ್ರಕೃತಿ ನಿಯಮಕ್ಕೆ ವಿರುದ್ಧವೆಂದು ಅದು ಕರೆದ ದೇಹಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದೆಂದು ಹೇಳಿತ್ತು. ಇಂಗ್ಲೆಂಡಿನಲ್ಲಿಯೂ ಇಂಥದೇ ಕಾನೂನು ಇತ್ತು. ಇಂದಿನ ಗಣಕ ವಿಜ್ಞಾನಕ್ಕೆ ತಳಪಾಯ ಹಾಕಿದ ಅಲನ್ ಟ್ಯೂರಿಂಗ್ 1952ರಲ್ಲಿ ಅದರಡಿ ಶಿಕ್ಷೆಗೊಳಗಾಗಿ, ಎರಡೇ ವರ್ಷಗಳಲ್ಲಿ ತೀರಿಕೊಂಡರು, ರಾಜಮನೆತನದ ಕ್ಷಮಾದಾನ ಅವರ ಹೆಸರಿಗೆ ಸಂದದ್ದು 2013ರಲ್ಲಿ. ಭಾರತದಲ್ಲಿ ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ಆ ತೀರ್ಪನ್ನು ರದ್ದುಮಾಡಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಿರಾಳವಾಗಿದ್ದವರನ್ನು ಮತ್ತೆ ಅಪರಾಧಿಗಳನ್ನಾಗಿಸಿತು. ಅಲ್ಲಿಂದ ಮುಂದಿನ ತಿರುವಿಗೆ ಕರ್ನಾಟಕದ ಕೊಡುಗೆಯಿದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು, ಲೈಂಗಿಕ ಒಲವೂ ಆ ಖಾಸಗಿತನದ ತಿರುಳಿನಲ್ಲಿ ಸೇರಿದೆ ಎಂಬ ಮಾತು ಆ ತೀರ್ಪಿನಲ್ಲಿ ಬಂತು. ಅದನ್ನು ಆಧಾರವಾಗಿಟ್ಟುಕೊಂಡೇ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತರು. ಜನರ ಗುರುತಿನ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸುವುದರ ವಿರುದ್ಧ ಹೂಡಿದ ದಾವೆಯೊಂದು ಪ್ರೀತಿಯ ಸ್ವಾತಂತ್ರ್ಯಕ್ಕೆ ದಾರಿಮಾಡಿದ್ದನ್ನು ಈ ಉದ್ಯಮದವರು ವಿಶೇಷವಾಗಿ ನೆನೆಯಬೇಕು.

ತೀರ್ಪಿನಿಂದ ಕಚೇರಿಯ ಊಟದ ಮೇಜು ಬದಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಶನಿವಾರ ಭಾನುವಾರಗಳ ಸುದ್ದಿ ಕೇಳುವ ಸಹೋದ್ಯೋಗಿಗೆ ಯಾರೊಡನೆ ಎಲ್ಲಿಗೆ ಹೋಗಿದ್ದುದೆಂದು ಹೇಳುವುದು ಉಳಿದವರಿಗೆ ಸಲೀಸಾದ ಮಾತು. ಸಲಿಂಗಪ್ರೇಮಿಗೆ ಪ್ರತಿ ಉತ್ತರವೂ ಒಂದು ತೀರ್ಮಾನ. ಜೊತೆಗಾರನನ್ನು ಸ್ನೇಹಿತನೆಂದು ಕರೆದು, ಇಲ್ಲವೇ ‘ಅವರು ಬಂದಿದ್ದರು’ ಎಂಬ ಗೌರವದ ಬಹುವಚನದಲ್ಲಿ ಗಂಡೋ ಹೆಣ್ಣೋ ತಿಳಿಯದಂತೆ ಮಾಡಿ, ವರ್ಷಗಟ್ಟಲೆ ನಿಭಾಯಿಸುವವರಿದ್ದಾರೆ. ಹೊರಬರುವುದು, ಎಂದರೆ ತನ್ನ ಒಲವನ್ನು ಬಹಿರಂಗವಾಗಿ ಹೇಳಿಕೊಳ್ಳುವುದು, ಒಮ್ಮೆ ಮುಗಿದುಹೋಗುವ ಕ್ರಿಯೆ ಎಂದು ಹೊರಗಿನವರು ತಿಳಿದಿರುತ್ತಾರೆ. ವಾಸ್ತವದಲ್ಲಿ ತಂಡ ಬದಲಾದಾಗ, ಹೊಸ ಮ್ಯಾನೇಜರ್ ಬಂದಾಗ, ಮನೆ ಮಾಲೀಕ ಬದಲಾದಾಗ ಅದನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಉದ್ಯಮ ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ ಎಂಬುದನ್ನು ಒಪ್ಪಬೇಕು. ಐಬಿಎಂ 1984ರಲ್ಲಿಯೇ ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡುವುದಿಲ್ಲವೆಂದು ತನ್ನ ನೀತಿಯಲ್ಲಿ ಬರೆದುಕೊಂಡಿತ್ತು. ಇಂದು ಬೆಂಗಳೂರಿನ ಹಲವು ದೊಡ್ಡ ಕಂಪನಿಗಳಲ್ಲಿ ಸಲಿಂಗಪ್ರೇಮಿ ನೌಕರರ ಗುಂಪುಗಳಿವೆ, ಕೆಲವು ಕಡೆ ಆರೋಗ್ಯ ವಿಮೆಯಲ್ಲಿ ಸಲಿಂಗ ಸಂಗಾತಿಯನ್ನೂ ಸೇರಿಸಬಹುದು. ಆದರೆ ವಿಮೆ ಬೇಕಾದವನು ಮೊದಲು ಎಚ್‌ಆರ್ ವಿಭಾಗದ ಮುಂದೆ ತನ್ನ ಸಂಬಂಧವನ್ನು ತೆರೆದಿಡಬೇಕು, ಆ ಕಾಗದ ಯಾರ ಯಾರ ಕಣ್ಣಿಗೆ ಬೀಳುತ್ತದೆಂಬ ಖಾತ್ರಿ ಅವನಿಗಿರುವುದಿಲ್ಲ, ಹಾಗಾಗಿ ಸೌಲಭ್ಯ ಕಾಗದದಲ್ಲಿಯೇ ಉಳಿಯುವುದೂ ಉಂಟು. ಅದೇ ಕಟ್ಟಡದಲ್ಲಿ ಗುತ್ತಿಗೆ ಏಜೆನ್ಸಿಯ ಮೂಲಕ ದುಡಿಯುವ ಗ್ರಾಹಕ ಸೇವಾ ಸಿಬ್ಬಂದಿಗೆ, ಕ್ಯಾಬ್ ಚಾಲಕನಿಗೆ, ಕಾವಲುಗಾರನಿಗೆ ಈ ನೀತಿ ತಲುಪುವುದು ಅಪರೂಪ. ತೃತೀಯ ಲಿಂಗಿಗಳಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು 2019ರ ಕಾಯ್ದೆ ಹೇಳುತ್ತದೆ. ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಖಾಸಗಿ ಕಂಪನಿಯೊಂದು ಯಾರನ್ನಾದರೂ ಹೊರಹಾಕಿದರೆ ಅದನ್ನು ನೇರವಾಗಿ ತಡೆಯುವ ಅಂಥ ಕಾಯ್ದೆ ಇಲ್ಲ.

ಕಚೇರಿಯ ಒತ್ತಡಕ್ಕಿಂತ ಮನೆಯದು ದೊಡ್ಡದು. ತಂಗಿಯ ಮದುವೆ ಮುಗಿಯಲಿ, ಸಾಲ ತೀರಲಿ, ವಿದೇಶದ ಅವಕಾಶ ಬಂದಿದೆ ಎಂಬ ನೆವಗಳು ಮೂವತ್ತರ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ. ಆಗ ಕೆಲವರು ತಾಯಿಯ ಕಣ್ಣೀರಿಗೆ ಸೋತು ಹೆಣ್ಣೊಬ್ಬಳನ್ನು ಮದುವೆಯಾಗುತ್ತಾರೆ, ಅದರಿಂದ ಇಬ್ಬರ ಬಾಳೂ ಕೆಡುತ್ತದೆ. 2014ರಲ್ಲಿ ಬೆಂಗಳೂರಿನ ತಂತ್ರಾಂಶ ನೌಕರನೊಬ್ಬ ಹೆಂಡತಿಯ ದೂರಿನ ಮೇಲೆ 377ನೇ ಕಲಂ ಅಡಿಯಲ್ಲಿ ಬಂಧಿತನಾದಾಗ ಪತ್ರಿಕೆಗಳು ಅದನ್ನು ಸುದ್ದಿಯಾಗಿ ನೋಡಿದವು. ಆ ಪ್ರಕರಣದಲ್ಲಿ ಗಂಡನಷ್ಟೇ, ಬಹುಶಃ ಅವನಿಗಿಂತ ಹೆಚ್ಚಾಗಿ, ಹೆಂಡತಿಯೂ ನೊಂದವಳೆಂಬುದನ್ನು ಹೇಳಿದವರು ವಿರಳ. ಇಂಥ ಮದುವೆಯಲ್ಲಿ ವಂಚನೆಗೊಳಗಾಗುವ ಹೆಣ್ಣಿನ ನೋವನ್ನು ಮರೆಸಿ ಸಲಿಂಗಪ್ರೇಮಿಯ ಹಕ್ಕಿನ ಮಾತನಾಡುವುದು ನ್ಯಾಯವಲ್ಲ; ಬಲವಂತ ತಪ್ಪಿದರೆ ಉಳಿಯುವುದು ಅವಳ ಬದುಕು ಕೂಡ. ಕನ್ನಡದಲ್ಲಿ ಈ ಲೋಕವನ್ನು ಮರೆಯಿಲ್ಲದೆ ಚಿತ್ರಿಸಿದವರು ಬಳ್ಳಾರಿ ಸೀಮೆಯ ಸಂಡೂರಿನ ವಸುಧೇಂದ್ರ. ಸುಮಾರು ಎರಡು ದಶಕ ತಂತ್ರಾಂಶ ಕ್ಷೇತ್ರದಲ್ಲಿ ದುಡಿದ ಅವರು 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಪ್ರಕಟಿಸಿ, ತಮ್ಮ ಒಲವಿನ ಬಗ್ಗೆಯೂ ಬಹಿರಂಗವಾಗಿ ಮಾತನಾಡಿದರು. ಇಂಗ್ಲಿಷ್ ಬಾರದ ಓದುಗನಿಗೂ ತನ್ನ ಭಾಷೆಯಲ್ಲಿಯೇ ತನ್ನ ಮನಸ್ಸು ಕಾಣುವಂತಾಯಿತು.

ಮದುವೆಗೆ ಒಪ್ಪದ ಮಗನನ್ನು ವೈದ್ಯರ ಬಳಿ ಕರೆದೊಯ್ಯುವ ತಂದೆತಾಯಿಗಳು ಇಂದಿಗೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಒಲವನ್ನು ‘ಬದಲಿಸುವ’ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಂಥ ಚಿಕಿತ್ಸೆ ಕೊಡುವೆನೆನ್ನುವವರ ಬಾಗಿಲಿಗೆ ಹೋಗದಿರುವುದೇ ಲೇಸು.

ಇಬ್ಬರು ಪುರುಷರು ಒಟ್ಟಿಗೆ ಮನೆ ಮಾಡಿಕೊಂಡ ಮೇಲೆ ತೊಡಕುಗಳು ಬೇರೆಯೇ ರೂಪ ತಾಳುತ್ತವೆ. ಆಸ್ಪತ್ರೆಯಲ್ಲಿ ‘ಪೇಷಂಟ್‌ಗೆ ನೀವೇನಾಗಬೇಕು?’ ಎಂಬ ಪ್ರಶ್ನೆ ಬಂದಾಗ, ಹತ್ತು ವರ್ಷ ಜೊತೆಗಿದ್ದವನು ಅಣ್ಣನೆಂದೋ ಕಸಿನ್ ಎಂದೋ ಸುಳ್ಳು ಹೇಳಬೇಕಾಗುತ್ತದೆ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿ, ಇಂಥ ಜೋಡಿಗಳ ಸಮಸ್ಯೆಗಳನ್ನು ಪರಿಶೀಲಿಸುವ ಕೆಲಸವನ್ನು ಕೇಂದ್ರದ ಸಮಿತಿಗೆ ಬಿಟ್ಟಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಮತ್ತು ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ನಾಮಿನಿಯೆಂದರೆ ಖಾತೆದಾರ ಸತ್ತಾಗ ಹಣವನ್ನು ಪಡೆದುಕೊಳ್ಳುವ ವ್ಯಕ್ತಿ. ಆ ಹಣದ ಒಡೆತನ ಮಾತ್ರ ವಾರಸುದಾರರದು. ಉಯಿಲು ಬರೆಯದೆ ಸತ್ತ ಅವಿವಾಹಿತ ಹಿಂದೂ ಪುರುಷನ ಸ್ವಂತ ಆಸ್ತಿ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೆ, ಅವಳಿಲ್ಲದಿದ್ದರೆ ತಂದೆಗೆ ಸೇರುತ್ತದೆ. ಸಂಗಾತಿ ಆ ಸಾಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಇಂಥ ಜೋಡಿಗೆ ಅತ್ಯಗತ್ಯ. ಅದನ್ನು ನೋಂದಾಯಿಸುವುದು ಕಡ್ಡಾಯವಲ್ಲ, ಆದರೂ ನೋಂದಾಯಿಸುವುದು ಕ್ಷೇಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನಾಗಿ ಯಾವ ವಯಸ್ಕನನ್ನಾದರೂ ಬಿಳಿ ಹಾಳೆಯ ಮೇಲೆ ಬರೆದು ನೇಮಿಸಬಹುದು. ಈ ಸೌಲಭ್ಯ ಬಹಳ ಮಂದಿಗೆ ತಿಳಿದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಸಂಬಳದಿಂದಲೇ ಕೂಡಿಬರುವ ಭವಿಷ್ಯ ನಿಧಿಯ ನಿಯಮ. ಪುರುಷ ಸದಸ್ಯನ ಕುಟುಂಬವೆಂದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಮತ್ತು ತೀರಿಕೊಂಡ ಮಗನ ವಿಧವೆ ಹಾಗೂ ಮಕ್ಕಳು ಎಂದು ಅದು ಹೇಳುತ್ತದೆ. ಇವರಲ್ಲಿ ಯಾರಾದರೂ ಇದ್ದರೆ ಬೇರೆಯವರನ್ನು ನಾಮಿನಿ ಮಾಡಿದ್ದು ಸಿಂಧುವಾಗುವುದಿಲ್ಲ. ಹಾಗಾಗಿ ತಂದೆತಾಯಿಯನ್ನು ಸಾಕುತ್ತಿರುವ ಮಗ, ಅವರಿಗೆ ಅರ್ಧ ಕೊಟ್ಟು ಉಳಿದರ್ಧವನ್ನು ಸಂಗಾತಿಗೆ ಕೊಡುವೆನೆಂದರೂ ಆಗದು. ಅವರಿಬ್ಬರೂ ತೀರಿಕೊಂಡ ಮೇಲಷ್ಟೇ ಸಂಗಾತಿಯ ಹೆಸರು ಬರೆಯಬಹುದು. ದೀರ್ಘ ಸೇವೆಗೆ ಸಿಗುವ ಗ್ರಾಚ್ಯುಟಿಯ ನಿಯಮವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಗ್ರಾಚ್ಯುಟಿಯ ನಿಯಮ ಕಾಯ್ದೆಯೊಳಗೇ ಅಡಕವಾಗಿರುವುದರಿಂದ ಅದನ್ನು ಸಂಸತ್ತೇ ತಿದ್ದಬೇಕು. ಭವಿಷ್ಯ ನಿಧಿಯ ಯೋಜನೆಯನ್ನಾದರೋ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ರೂಪಿಸುವುದರಿಂದ, ಸದಸ್ಯ ತಾನು ಬಯಸಿದ ವ್ಯಕ್ತಿಗೂ ಒಂದು ಪಾಲನ್ನು ಗೊತ್ತುಮಾಡಬಹುದೆಂಬ ಒಂದು ವಾಕ್ಯವನ್ನು ಸೇರಿಸಲು ವಿವಾಹದ ಪ್ರಶ್ನೆ ಇತ್ಯರ್ಥವಾಗುವವರೆಗೆ ಕಾಯಬೇಕಾಗಿಲ್ಲ. ಹಾಗೆ ಮಾಡಿದರೆ ಅದರ ಪ್ರಯೋಜನ ಅವಿವಾಹಿತ ಅಕ್ಕನನ್ನು ನೋಡಿಕೊಳ್ಳುವ ತಮ್ಮನಿಗೂ, ಸಾಕಿದ ಚಿಕ್ಕಮ್ಮನಿಗೆ ಆಸರೆಯಾಗಬಯಸುವ ಹುಡುಗನಿಗೂ ದೊರೆಯುತ್ತದೆ.